ನಿಲ್ಲುವ ವಿದ್ಯೆ

ವಾಹನದ ಹಿರಿಮೆಯನ್ನು ಜನರು ಸಾಮಾನ್ಯವಾಗಿ ಅದರ ಓಟದಿಂದ ಅಳೆಯುತ್ತಾರೆ. ಅದು ಎಷ್ಟು ಬೇಗ ವೇಗಕ್ಕೇರುತ್ತದೆ ಎಂದು ಕೇಳುವವರು ಹಲವರು. ಬೇಕೆಂದಾಗ, ಬೇಕಾದೆಡೆಯಲ್ಲಿ, ಅತ್ತಿತ್ತ ವಾಲದೆ ನಿಲ್ಲಬಲ್ಲುದೇ ಎಂದು ಕೇಳುವವರು ವಿರಳ. ಆದರೆ ಚೆಂಡಿನ ಹಿಂದೆ ರಸ್ತೆಗೆ ಓಡಿಬಂದ ಮಗುವಿನ ಪ್ರಾಣವು ಅವಲಂಬಿಸಿರುವುದು ಈ ಎರಡನೆಯ ಪ್ರಶ್ನೆಯನ್ನೇ.

ನಮ್ಮ ರಸ್ತೆಗಳಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಬಹುಪಾಲಿನವುಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕು ಇರುತ್ತವೆ. ದುಬಾರಿ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಇರುವುದನ್ನು ಕಂಡವರು, ಸಣ್ಣ ಕಾರಿನಲ್ಲಿ ಪ್ರಾಣರಕ್ಷಣೆಯ ವಿಷಯದಲ್ಲಿಯೂ ಜಿಪುಣತನ ತೋರಿದ್ದಾರೆಂದು ದೂರುವುದುಂಟು. ಈ ದೂರು ನ್ಯಾಯವೇ?

ಮೊದಲು ಇವೆರಡರ ರಚನೆಯನ್ನು ತಿಳಿಯಬೇಕು. ಚಕ್ರದೊಡನೆ ತಿರುಗುವ, ಅಗಲಬಾಯಿಯ ಪಾತ್ರೆಯಂತಹ ಎರಕದ ಕಬ್ಬಿಣದ ಭಾಗವೇ ಡ್ರಮ್. ಅದರೊಳಗೆ ಅರ್ಧಚಂದ್ರಾಕಾರದ ಎರಡು 'ಷೂ'ಗಳಿವೆ. ಪೆಡಲನ್ನು ತುಳಿದಾಗ ಅವು ಅಗಲಿಕೊಂಡು ಡ್ರಮ್ಮಿನ ಒಳಗೋಡೆಯನ್ನು ಒತ್ತುತ್ತವೆ. ಡಿಸ್ಕ್ ಎಂಬುದು ಚಕ್ರದೊಡನೆ ತಿರುಗುವ ಲೋಹದ ತಟ್ಟೆ. ಸೈಕಲ್ಲಿನ ರಿಮ್ಮನ್ನು ಎರಡು ರಬ್ಬರು ತುಂಡುಗಳು ಹಿಡಿಯುವಂತೆ, ಎರಡು 'ಪ್ಯಾಡ್'ಗಳು ಈ ತಟ್ಟೆಯನ್ನು ಎರಡೂ ಕಡೆಗಳಿಂದ ಅದುಮಿ ಹಿಡಿಯುತ್ತವೆ.

ಡ್ರಮ್ ಹಳೆಯದು, ಡಿಸ್ಕ್ ಹೊಸದು ಎಂಬ ಭಾವನೆ ಅಷ್ಟೇನೂ ಸರಿಯಲ್ಲ. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದ್ದೂ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದದ್ದೂ ಒಂದೇ ವರ್ಷ, 1902ರಲ್ಲಿ. ಆದರೆ ಡಿಸ್ಕ್ ಬ್ರೇಕು ಹೆಸರು ಗಳಿಸಲು ಅರ್ಧ ಶತಮಾನವೇ ಬೇಕಾಯಿತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ಓಟದ ಪಂದ್ಯದಲ್ಲಿ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಕಾರು ಗೆದ್ದಿತು. 1955ರಲ್ಲಿ ಬಂದ ಸಿತ್ರೋಯೆನ್ ಡಿ.ಎಸ್. ಎಂಬ ಫ್ರೆಂಚ್ ಕಾರು ಮುಂದೆ ಡಿಸ್ಕನ್ನೂ ಹಿಂದೆ ಡ್ರಮ್ಮನ್ನೂ ಧರಿಸಿತ್ತು. ಅಂದಿನಿಂದಲೇ ಈ ಜೋಡಣೆ ವಿವೇಕದ ದಾರಿಯೆನಿಸಿದೆ.

ಇದರ ಹಿಂದಿನ ಕಾರಣವನ್ನು ಭೌತಶಾಸ್ತ್ರ ವಿವರಿಸುತ್ತದೆ. ಬಸ್ಸು ಥಟ್ಟನೆ ನಿಂತಾಗ ಒಳಗೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕಾರು ಬ್ರೇಕು ಹಾಕಿದಾಗಲೂ ಅದರ ಮುಂಭಾಗ ಬಾಗಿ, ಭಾರವು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. 1000 ಕಿಲೋಗ್ರಾಂ ತೂಕದ ಒಂದು ಸಣ್ಣ ಕಾರನ್ನು ಊಹಿಸೋಣ. ನಿಂತಿದ್ದಾಗ ಮುಂದಿನ ಚಕ್ರಗಳ ಮೇಲೆ 600, ಹಿಂದಿನವುಗಳ ಮೇಲೆ 400 ಕಿಲೋಗ್ರಾಂ ಭಾರವಿರಲಿ. ಬಲವಾಗಿ ಬ್ರೇಕು ಹಾಕಿದೊಡನೆ ಹಿಂದಿನಿಂದ ಸುಮಾರು 160 ಕಿಲೋಗ್ರಾಂ ಭಾರ ಮುಂದಕ್ಕೆ ಸರಿಯುತ್ತದೆ. ಆಗ ಮುಂದೆ 760, ಹಿಂದೆ 240 ಮಾತ್ರ. ಟೈರು ನೆಲವನ್ನು ಹಿಡಿಯುವ ಬಲವು ಅದರ ಮೇಲಿನ ಭಾರವನ್ನು ಅನುಸರಿಸುವುದರಿಂದ, ನಿಲ್ಲಿಸುವ ಕೆಲಸದ ಮುಕ್ಕಾಲು ಪಾಲು ಮುಂದಿನ ಚಕ್ರಗಳಿಗೇ ಸೇರಿದ್ದು.

ಈ ಕಾಲುಪಾಲು ಕೆಲಸಕ್ಕೆ ಡ್ರಮ್ ಸಾಲದೇ? ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ಆ ಕಾರಿನ ಚಲನಶಕ್ತಿ ಸುಮಾರು 1,39,000 ಜೌಲ್. ಅದರಲ್ಲಿ ಹಿಂದಿನ ಬ್ರೇಕುಗಳು ಶಾಖವಾಗಿ ಮಾರ್ಪಡಿಸಬೇಕಾದುದು ಸುಮಾರು 33,000 ಜೌಲ್. ಎರಡೂ ಡ್ರಮ್ಮುಗಳು ಸೇರಿ ಎಂಟು ಕಿಲೋಗ್ರಾಂ ತೂಗಿದರೆ, ಒಂದು ಸಲ ನಿಲ್ಲಿಸಿದಾಗ ಅವು ಬಿಸಿಯಾಗುವುದು ಒಂಬತ್ತು ಡಿಗ್ರಿಯಷ್ಟು ಮಾತ್ರ. ಇನ್ನೂ ಒಂದು ವಿಷಯವುಂಟು. ಪೆಡಲನ್ನು ಬಲವಾಗಿ ತುಳಿದರೆ ಡ್ರಮ್ ಬ್ರೇಕೂ ಚಕ್ರವನ್ನು ತಿರುಗದಂತೆ ಬಿಗಿಯಬಲ್ಲುದು. ಬ್ರೇಕಿನ ಬಲ ಟೈರಿನ ಹಿಡಿತವನ್ನು ಮೀರಿದ ಮೇಲೆ, ಬೇರೆ ಬಗೆಯ ಬ್ರೇಕು ಹಾಕಿದರೂ ಕಾರು ನಿಲ್ಲುವ ದೂರ ಕಡಿಮೆಯಾಗದು. ಅಷ್ಟೇ ಅಲ್ಲ, ಹಿಂದಿನ ಚಕ್ರಗಳು ಮೊದಲೇ ಬಿಗಿದುಕೊಂಡರೆ ಕಾರು ಬುಗುರಿಯಂತೆ ತಿರುಗಿಬಿಡುವ ಅಪಾಯವಿದೆ. ಆದಕಾರಣ ಹಿಂದಿನ ಬ್ರೇಕುಗಳನ್ನು ಮುಂದಿನವುಗಳಿಗಿಂತ ಮೆದುವಾಗಿಯೇ ಹೊಂದಿಸುತ್ತಾರೆ.

ಹಾಗೆಂದು ಡಿಸ್ಕಿನ ಗುಣವನ್ನು ಅಲ್ಲಗಳೆಯಲಾಗದು. ಅದು ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. ನೀರಿನಲ್ಲಿ ತೊಯ್ದರೂ ಬೇಗ ಒಣಗುತ್ತದೆ. ಡ್ರಮ್ ಹಾಗಲ್ಲ. ಕಾದಾಗ ಅದು ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ. ಪೆಡಲು ಆಳಕ್ಕೆ ಇಳಿಯುತ್ತದೆ. 500 ಮೀಟರು ಎತ್ತರದ ಘಟ್ಟವನ್ನು ಇಳಿಯುವ ಅದೇ ಕಾರು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 49 ಲಕ್ಷ ಜೌಲ್. ಅರವತ್ತರ ವೇಗದಿಂದ ಮೂವತ್ತೈದು ಬಾರಿ ನಿಲ್ಲಿಸಿದಷ್ಟು ಶಾಖವಿದು! ಇದೆಲ್ಲವನ್ನೂ ಬ್ರೇಕಿನ ಮೇಲೆ ಹೇರಿದರೆ ಡಿಸ್ಕ್ ಕೂಡ ಸೋತೀತು. ಆಗುಂಬೆಯ ತಿರುವುಗಳನ್ನಾಗಲಿ ಚಾರ್ಮಾಡಿಯನ್ನಾಗಲಿ ಇಳಿಯುವ ಅನುಭವಿ ಚಾಲಕನು ಕಾರನ್ನು ಕೆಳಗಿನ ಗೇರಿನಲ್ಲಿಟ್ಟು, ಇಂಜಿನ್ನಿನಿಂದಲೇ ಅದರ ವೇಗವನ್ನು ತಡೆಯುತ್ತಾನೆ. ಭಾರವಾದ, ಅತಿವೇಗದ ಕಾರುಗಳಿಗೆ ಹಿಂದೆಯೂ ಡಿಸ್ಕ್ ಬೇಕೆನ್ನುವುದು ಈ ಶಾಖದ ಕಾರಣದಿಂದಲೇ. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ.

ಡ್ರಮ್ಮಿಗೂ ಅದರದೇ ಆದ ಗುಣಗಳಿವೆ. ಮುಚ್ಚಿಕೊಂಡಿರುವುದರಿಂದ ಕೆಸರು ಸುಲಭವಾಗಿ ಒಳಹೋಗದು. ಅದರ ಲೈನಿಂಗು ಬಹುಕಾಲ ಬಾಳುತ್ತದೆ. ಹ್ಯಾಂಡ್ ಬ್ರೇಕಿನ ಜೋಡಣೆ ಸರಳ, ಬೆಲೆಯೂ ಕಡಿಮೆ. ಹೆಚ್ಚು ಬಳಸದ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. 2020ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಐ.ಡಿ.3 ಎಂಬ ವಿದ್ಯುತ್ ಕಾರಿನ ಹಿಂದಿನ ಚಕ್ರಗಳಿಗೂ ಡ್ರಮ್ ಬ್ರೇಕನ್ನೇ ಅಳವಡಿಸಲಾಯಿತು. ವಿದ್ಯುತ್ ಕಾರಿನಲ್ಲಿ ಮೋಟಾರೇ ವೇಗವನ್ನು ತಗ್ಗಿಸುವುದರಿಂದ ಬ್ರೇಕಿಗೆ ಕೆಲಸ ಕಡಿಮೆ. ಹಳೆಯದೆಂದು ತಳ್ಳಿದ್ದು ಹೊಸ ಕಾಲಕ್ಕೂ ಒದಗಿಬಂದಿತು.

ಹಾಗಾದರೆ ಸಣ್ಣ ಕಾರನ್ನು ಕೊಳ್ಳುವ ಸಂಸಾರವಂದಿಗನು ಯಾವುದಕ್ಕೆ ಹಣ ತೆರಬೇಕು? ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ಎ.ಬಿ.ಎಸ್. ಎಂಬ ಏರ್ಪಾಡು ಡ್ರಮ್ಮಿನೊಡನೆಯೂ ಕೆಲಸ ಮಾಡುತ್ತದೆ. ಭಾರತದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಗಿದೆ. ಕಾರು ಅಡ್ಡಜಾರದಂತೆ ಕಾಯುವ ಇ.ಎಸ್.ಸಿ. ಏರ್ಪಾಡು, ಸವೆಯದ ಟೈರುಗಳು, ಕಾಲಕಾಲಕ್ಕೆ ಬದಲಾಯಿಸಿದ ಬ್ರೇಕ್ ಎಣ್ಣೆ—ಇವು ಹಿಂದಿನ ಡಿಸ್ಕಿಗಿಂತ ಹೆಚ್ಚಿನ ರಕ್ಷಣೆ ಕೊಡುತ್ತವೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಅಂತಹ ಎಣ್ಣೆ ಕಾದು ಕುದಿದರೆ ಎಂತಹ ಬ್ರೇಕೂ ನಿಷ್ಪ್ರಯೋಜಕ. ಸವೆದ ಟೈರಿನ ಮೇಲೆ ನಾಲ್ಕು ಡಿಸ್ಕುಗಳಿದ್ದೇನು ಫಲ?

ಚಕ್ರದ ಸಂದಿಯಲ್ಲಿ ಹೊಳೆಯುವ ತಟ್ಟೆ ನೋಡುವವರ ಕಣ್ಣಿಗೆ ಬೀಳುತ್ತದೆ. ಟೈರಿನ ಹಿಡಿತವೂ ಚಾಲಕನ ಎಚ್ಚರವೂ ಹಾಗೆ ಕಾಣುವುದಿಲ್ಲ. ಕಾರನ್ನು ಕಾಲಕ್ಕೆ ಸರಿಯಾಗಿ ನಿಲ್ಲಿಸುವಲ್ಲಿ ಹೆಚ್ಚಿನ ಪಾಲು ಈ ಕಾಣದವುಗಳದೇ.