ಸಿಸಿಎನ್‌ಎ ಪರೀಕ್ಷೆಯಲ್ಲಿ ಎಂತಹ ಪ್ರಶ್ನೆಗಳು ಬರುತ್ತವೆ?



ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಪ್ರತಿವರ್ಷ ಮೂರು ನಾಲ್ಕು ಮಂದಿಯಾದರೂ ನಮ್ಮ ಕಂಪ್ಯೂಟರ್ ಲ್ಯಾಬಿಗೆ ಬಂದು ಒಂದೇ ಮಾತು ಕೇಳುತ್ತಾರೆ. "ಸರ್, ಸಿಸಿಎನ್‌ಎ ಮಾಡಿದರೆ ಕೆಲಸ ಬೇಗ ಸಿಗುತ್ತದೆ ಅಂತ ದಮ್ಮಾಮ್‌ನಲ್ಲಿರುವ ಮಾವ ಹೇಳಿದ್ದಾರೆ. ಪರೀಕ್ಷೆ ಸಿಇಟಿ ತರಹವೇ ಇರುತ್ತದಲ್ಲ?" ಇಲ್ಲ, ಸಿಇಟಿ ತರಹ ಇರುವುದಿಲ್ಲ. ಹೇಗಿರುತ್ತದೆ ಎಂದು ಒಬ್ಬೊಬ್ಬರಿಗೆ ಬಿಡಿಸಿ ಹೇಳುವ ಬದಲು ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸಿಸಿಎನ್‌ಎ ಎಂದರೆ ಸಿಸ್ಕೊ ಕಂಪನಿ ನಡೆಸುವ ನೆಟ್‌ವರ್ಕಿಂಗ್ ಪ್ರಮಾಣಪತ್ರದ ಪರೀಕ್ಷೆ. ಈಗಿನ ಪರೀಕ್ಷೆಯ ಸಂಖ್ಯೆ 200-301. ಇದು 2020ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅವಧಿ 120 ನಿಮಿಷ, ಶುಲ್ಕ 300 ಡಾಲರ್, ತೆರಿಗೆ ಬೇರೆ. ಮನೆಯವರು ಕಷ್ಟಪಟ್ಟು ಕೂಡಿಸಿಟ್ಟ ಹಣ ಅದು, ಒಂದೇ ಮಧ್ಯಾಹ್ನದಲ್ಲಿ ಖರ್ಚಾಗುತ್ತದೆ. ಫೇಲಾದರೆ ಐದು ದಿನ ಕಳೆದು ಮತ್ತೆ ಬರೆಯಬಹುದು, ಆದರೆ ಪೂರ್ತಿ ಶುಲ್ಕ ಮತ್ತೆ ಕಟ್ಟಬೇಕು. ಆದ್ದರಿಂದ ಹಣ ಕಟ್ಟುವ ಮೊದಲೇ ಪ್ರಶ್ನೆಗಳ ಸ್ವರೂಪ ತಿಳಿದಿರಬೇಕು.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗಿ, ಕೊನೆಯ ಹತ್ತು ನಿಮಿಷದಲ್ಲಿ ಹಿಂದಕ್ಕೆ ಬಂದು ಓಎಂಆರ್ ಹಾಳೆ ತುಂಬಿಸುವುದು ನಿಮಗೆಲ್ಲ ರೂಢಿಯಾಗಿದೆ. ಸಿಸ್ಕೊ ಪರೀಕ್ಷೆಯಲ್ಲಿ ಈ ರೂಢಿ ನಡೆಯುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟು 'ನೆಕ್ಸ್ಟ್' ಒತ್ತಿದರೆ ಮುಗಿಯಿತು, ಹಿಂದಕ್ಕೆ ಹೋಗಲು ದಾರಿಯಿಲ್ಲ. ನಮ್ಮ ಮಕ್ಕಳಿಗೆ ಅತಿ ಕಷ್ಟವಾಗುವುದು ಇದೇ ಎಂದು ನನ್ನ ಅಭಿಪ್ರಾಯ. ಎರಡು ನಿಮಿಷ ಯೋಚಿಸಿ, ಇದ್ದುದರಲ್ಲಿ ಒಳ್ಳೆಯ ಉತ್ತರ ಆರಿಸಿ, ಅದನ್ನು ಮರೆತು ಮುಂದಿನದಕ್ಕೆ ಹೋಗುವ ಅಭ್ಯಾಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಮಾದರಿ ಪರೀಕ್ಷೆ ಬರೆಯುವಾಗಲೂ ಹಿಂದಿನ ಪುಟ ತಿರುಗಿಸಬೇಡಿ.

ಈಗ ಪ್ರಶ್ನೆಗಳ ವಿಷಯಕ್ಕೆ ಬರೋಣ. ಮೊದಲನೆಯದು ನಿಮಗೆ ಪರಿಚಯವಿರುವ ಬಹು ಆಯ್ಕೆಯ ಪ್ರಶ್ನೆ. ಪರಿಚಯವಿದೆ ಎಂದು ಸಲೀಸಾಗಿ ತೆಗೆದುಕೊಳ್ಳಬೇಡಿ. ಒಂದು ಉದಾಹರಣೆ ನೋಡಿ: ಒಂದು ಕಂಪ್ಯೂಟರಿನ ವಿಳಾಸ 192.168.10.110/27. ಅದು ಯಾವ ನೆಟ್‌ವರ್ಕಿಗೆ ಸೇರಿದೆ? ಆಯ್ಕೆಗಳು 192.168.10.64, 192.168.10.96, 192.168.10.104, 192.168.10.108. /27 ಎಂದರೆ 32ರ ಗುಂಪು: 0, 32, 64, 96, 128. 110 ಬರುವುದು 96 ಮತ್ತು 127ರ ನಡುವೆ, ಹಾಗಾಗಿ ಉತ್ತರ 96. ಉಳಿದ ಮೂರನ್ನೂ ಗಮನಿಸಿ. /26 ಆಗಿದ್ದರೆ 64 ಸರಿ, /29 ಆಗಿದ್ದರೆ 104 ಸರಿ, /30 ಆಗಿದ್ದರೆ 108 ಸರಿ. ಪ್ರತಿ ತಪ್ಪು ಉತ್ತರವೂ ಬೇರೊಂದು ಲೆಕ್ಕದ ಸರಿ ಉತ್ತರ. ಅಂದಾಜಿನಲ್ಲಿ ಲೆಕ್ಕ ಮಾಡಿದವನಿಗೆ ಅವನ ಉತ್ತರ ಪಟ್ಟಿಯಲ್ಲಿ ಸಿಕ್ಕೇ ಸಿಗುತ್ತದೆ, ಅವನು ಸಂತೋಷದಿಂದ ಮುಂದೆ ಹೋಗುತ್ತಾನೆ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಕೇಂದ್ರದಲ್ಲಿ ಬರೆದು ಅಳಿಸುವ ಒಂದು ಹಲಗೆ ಮತ್ತು ಪೆನ್ನು ಕೊಡುತ್ತಾರೆ. ಕುಳಿತ ಕೂಡಲೇ 128, 64, 32, 16, 8, 4 ಎಂದು ಬರೆದಿಟ್ಟುಕೊಂಡರೆ ಕೊನೆಯವರೆಗೂ ಉಪಯೋಗಕ್ಕೆ ಬರುತ್ತದೆ.

ಇದರದ್ದೇ ಇನ್ನೊಂದು ರೂಪ, 'ಎರಡನ್ನು ಆರಿಸಿ' ಅಥವಾ 'ಮೂರನ್ನು ಆರಿಸಿ'. ಎಷ್ಟು ಆರಿಸಬೇಕೆಂದು ಪ್ರಶ್ನೆಯಲ್ಲೇ ಇರುತ್ತದೆ, ಆದರೆ ಅವಸರದಲ್ಲಿ ಅದನ್ನು ಓದುವವರು ಕಡಿಮೆ. ಪ್ರತಿಯೊಂದು ಆಯ್ಕೆಯನ್ನೂ ಸರಿ-ತಪ್ಪು ಪ್ರಶ್ನೆಯಂತೆ ಬೇರೆ ಬೇರೆ ಪರೀಕ್ಷಿಸುವುದು ಒಳ್ಳೆಯದು.

ಮೂರನೆಯದು ಎಳೆದು ಹೊಂದಿಸುವ ಪ್ರಶ್ನೆ. ನಮ್ಮ 'ಹೊಂದಿಸಿ ಬರೆಯಿರಿ'ಗೆ ಮೌಸ್ ಕೊಟ್ಟಂತೆ. ಎಸ್‌ಎಸ್‌ಎಚ್‌ಗೆ 22, ಟೆಲ್‌ನೆಟ್‌ಗೆ 23, ಡಿಎನ್‌ಎಸ್‌ಗೆ 53, ಟಿಎಫ್‌ಟಿಪಿಗೆ 69, ಎಚ್‌ಟಿಟಿಪಿಎಸ್‌ಗೆ 443 ಎಂದು ಹೊಂದಿಸಬೇಕು. ಇಲ್ಲವೇ ಡಿಎಚ್‌ಸಿಪಿ ವಿಳಾಸ ಕೊಡುವ ನಾಲ್ಕು ಹಂತಗಳನ್ನು ಕ್ರಮದಲ್ಲಿಡಬೇಕು: ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್. ಕೆಲವೊಮ್ಮೆ ಎಡಗಡೆ ಹೆಚ್ಚು ಪದಗಳಿದ್ದು ಬಲಗಡೆ ಜಾಗ ಕಡಿಮೆ ಇರುತ್ತದೆ. ಆಗ ಒಂದೆರಡು ಪದ ಉಳಿಯುವುದು ಸಹಜ, ಗಾಬರಿ ಬೇಡ.

ನಾಲ್ಕನೆಯದು ಚಿತ್ರ ಅಥವಾ ಪಟ್ಟಿ ತೋರಿಸಿ ಕೇಳುವ ಪ್ರಶ್ನೆ. ರೂಟರಿನ ರೂಟಿಂಗ್ ಟೇಬಲ್ ಕೊಟ್ಟು, 10.1.1.70ಕ್ಕೆ ಹೋಗುವ ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆ ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಟೇಬಲ್‌ನಲ್ಲಿ 10.1.1.0/24ಕ್ಕೆ ಸ್ಟ್ಯಾಟಿಕ್ ದಾರಿ ಇದೆ, 10.1.1.64/26ಕ್ಕೆ ಓಎಸ್‌ಪಿಎಫ್ ಕಲಿತ ದಾರಿ ಇದೆ. ಸ್ಟ್ಯಾಟಿಕ್ ದಾರಿಯ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ 1, ಓಎಸ್‌ಪಿಎಫ್‌ನದು 110, ಕಡಿಮೆ ಇರುವುದೇ ಗೆಲ್ಲುತ್ತದೆ ಎಂದು ಬಾಯಿಪಾಠ ಮಾಡಿದವರು ಮೊದಲನೆಯದನ್ನು ಒತ್ತುತ್ತಾರೆ. ಆದರೆ ಆ ಹೋಲಿಕೆ ನಡೆಯುವುದು ಎರಡೂ ದಾರಿಗಳು ಒಂದೇ ನೆಟ್‌ವರ್ಕಿಗೆ, ಒಂದೇ ಉದ್ದದ ಪ್ರಿಫಿಕ್ಸ್‌ನಲ್ಲಿ ಇರುವಾಗ ಮಾತ್ರ. ಪ್ಯಾಕೆಟ್ ಕಳಿಸುವಾಗ ರೂಟರ್ ನೋಡುವುದು ಹೆಚ್ಚು ಉದ್ದದ ಪ್ರಿಫಿಕ್ಸನ್ನು. 70 ಎಂಬುದು 64ರಿಂದ 127ರೊಳಗೆ ಬರುವುದರಿಂದ /26ರ ದಾರಿಯೇ ಸರಿ. ಒಂದೇ ಸನ್ನಿವೇಶ ಕೊಟ್ಟು ಅದರ ಮೇಲೆ ಹಲವು ಪ್ರಶ್ನೆ ಕೇಳುವುದೂ ಉಂಟು. ನಿಮ್ಮ ಇಂಗ್ಲಿಷ್ ಪತ್ರಿಕೆಯ ಗದ್ಯಭಾಗದ ಹಾಗೆ, ಮೊದಲು ಪ್ರಶ್ನೆ ಓದಿ ಆಮೇಲೆ ಸನ್ನಿವೇಶ ಓದಿದರೆ ಸಮಯ ಉಳಿಯುತ್ತದೆ.

ಐದನೆಯದು ಸಿಮ್ಯುಲೇಶನ್. ಇಲ್ಲಿ ಆಯ್ಕೆಗಳೇ ಇಲ್ಲ. ಪರದೆಯ ಮೇಲೆ ಸ್ವಿಚ್ಚು, ರೂಟರುಗಳ ನಕ್ಷೆ, ಮಾಡಬೇಕಾದ ಕೆಲಸದ ಪಟ್ಟಿ ಮತ್ತು ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ. ಕೆಲಸ ಮಾಡಿ ತೋರಿಸಬೇಕು. ಟ್ರಂಕ್ ಪೋರ್ಟಿನಲ್ಲಿ ಈಗಾಗಲೇ ವಿಲ್ಯಾನ್ 10 ಮತ್ತು 20 ಇವೆ, 30ನ್ನೂ ಸೇರಿಸಿ ಎಂದು ಹೇಳಿದರೆ 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30' ಎಂದು ಟೈಪ್ ಮಾಡಲು ಕೈ ಓಡುತ್ತದೆ. ಹಾಗೆ ಮಾಡಿದರೆ 30 ಮಾತ್ರ ಉಳಿದು 10 ಮತ್ತು 20 ಹೋಗಿಬಿಡುತ್ತವೆ. 30ರ ಹಿಂದೆ 'ಆಡ್' ಎಂಬ ಪದ ಬೇಕು. ನಿಜವಾದ ಕಚೇರಿಯಲ್ಲಿ ಈ ಒಂದು ಪದ ಬಿಟ್ಟರೆ ಎರಡು ವಿಭಾಗಗಳ ನೆಟ್‌ವರ್ಕ್ ನಿಂತುಹೋಗುತ್ತದೆ. ಹಾಗೆಯೇ ರೂಟರಿನ ಇಂಟರ್‌ಫೇಸ್‌ಗೆ ವಿಳಾಸ ಕೊಟ್ಟರೆ ಸಾಲದು, 'ನೋ ಶಟ್‌ಡೌನ್' ಕೊಡದೆ ಅದು ಎಚ್ಚರಗೊಳ್ಳುವುದಿಲ್ಲ. 'ಶೋ ಐಪಿ ಇಂಟರ್‌ಫೇಸ್ ಬ್ರೀಫ್' ಹಾಕಿ ನೋಡಿದರೆ ಇದು ಕೂಡಲೇ ಗೊತ್ತಾಗುತ್ತದೆ. ಉಳಿಸಿ ಎಂದು ಹೇಳಿದ್ದರೆ ಉಳಿಸಲೇಬೇಕು.

ಇಲ್ಲಿ 'ಡಂಪ್' ಬಗ್ಗೆ ಹೇಳದೆ ವಿಧಿಯಿಲ್ಲ. ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳೆಂದು ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ಮಾರುವ ಪಿಡಿಎಫ್‌ಗಳಿವು. ಒಬ್ಬ ವಿದ್ಯಾರ್ಥಿ ಹಣ ಕೊಟ್ಟು ತಂದಿದ್ದನ್ನು ನನಗೂ ತೋರಿಸಿದ. ಇಬ್ಬರೂ ಕುಳಿತು ಕೆಲವು ಪ್ರಶ್ನೆ ಬಿಡಿಸಿ ನೋಡಿದೆವು. ಮೇಲೆ ಹೇಳಿದಂಥದೇ ಒಂದು ರೂಟಿಂಗ್ ಟೇಬಲ್ ಪ್ರಶ್ನೆಗೆ ಅದರಲ್ಲಿ ಕೊಟ್ಟಿದ್ದ ಉತ್ತರವೇ ತಪ್ಪು! ತಪ್ಪು ಉತ್ತರವನ್ನು ಕೊಂಡು ಬಾಯಿಪಾಠ ಮಾಡುವುದಕ್ಕಿಂತ ದೊಡ್ಡ ನಷ್ಟ ಯಾವುದು? ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಪರೀಕ್ಷೆ ಬರೆಯುವ ಪ್ರತಿಯೊಬ್ಬರೂ ಒಪ್ಪಂದ ಮಾಡಿರುತ್ತಾರೆ. ಅದನ್ನು ಮುರಿದು ಬಂದ ಸರಕು ಇದು. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೂ, ಸಂದರ್ಶನದಲ್ಲಿ ಕೀಬೋರ್ಡ್ ಮುಂದಿಟ್ಟು 'ಒಂದು ವಿಲ್ಯಾನ್ ಮಾಡಿ ತೋರಿಸು' ಎಂದಾಗ ಪಿಡಿಎಫ್ ನೆರವಿಗೆ ಬರುವುದಿಲ್ಲ. ಅಭ್ಯಾಸಕ್ಕೆ ಸಿಸ್ಕೊದ್ದೇ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲೂ ಇದೆ.

ಎಲ್ಲ ಐಟಿ ಪರೀಕ್ಷೆಗಳೂ ಹೀಗೇ ಎಂದು ತಿಳಿಯಬೇಡಿ. ಕಾಂಪ್‌ಟಿಯಾದ ಎ ಪ್ಲಸ್‌ನಲ್ಲಿ ಎರಡು ಪರೀಕ್ಷೆಗಳಿವೆ. ಒಂದೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಅಲ್ಲಿ ಪ್ರಶ್ನೆಯನ್ನು ಗುರುತು ಮಾಡಿಟ್ಟು ಹಿಂದಕ್ಕೆ ಬರಬಹುದು. ಮಾಡಿ ತೋರಿಸುವ ಪ್ರಶ್ನೆಗಳು ಸಾಮಾನ್ಯವಾಗಿ ಆರಂಭದಲ್ಲೇ ಬರುವುದರಿಂದ, ಅವನ್ನು ಬದಿಗಿಟ್ಟು ಉಳಿದದ್ದನ್ನು ಮುಗಿಸಿ ಬರುವುದು ಜಾಣತನ. ಅಮೆಜಾನಿನ ಕ್ಲೌಡ್ ಪ್ರ್ಯಾಕ್ಟೀಷನರ್‌ನಲ್ಲಿ 65 ಪ್ರಶ್ನೆ, 90 ನಿಮಿಷ, 1000ಕ್ಕೆ 700 ಬಂದರೆ ಪಾಸು. ಅವುಗಳಲ್ಲಿ 15 ಪ್ರಶ್ನೆಗೆ ಅಂಕವಿಲ್ಲ, ಆದರೆ ಯಾವ 15 ಎಂದು ನಿಮಗೆ ತಿಳಿಯದು. ತಪ್ಪಿಗೆ ಅಂಕ ಕಳೆಯುವುದೂ ಇಲ್ಲ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಪರೀಕ್ಷೆಯ ದಿನ ನಿಗದಿ ಮಾಡುವ ಮೊದಲೇ ಕೇಳಿಕೊಂಡರೆ 30 ನಿಮಿಷ ಹೆಚ್ಚು ಕೊಡುತ್ತಾರೆ. ಕನ್ನಡ, ಉರ್ದು ಮಾಧ್ಯಮದಿಂದ ಬಂದವರು ಸಂಕೋಚವಿಲ್ಲದೆ ಕೇಳಿ.

ಇನ್ನು ಒಂದು ಸಣ್ಣ ವಿಷಯ, ಆದರೆ ನಮ್ಮಲ್ಲಿ ದೊಡ್ಡದು. ನೋಂದಣಿಯಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಸರಿಹೊಂದಬೇಕು. ಒಂದರಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಮುಹಮ್ಮದ್, ಮತ್ತೊಂದರಲ್ಲಿ ಬರೀ ಎಂಡಿ ಎಂದಿದ್ದರೆ ಬಾಗಿಲಲ್ಲೇ ತೊಂದರೆ. ಮೊದಲು ಅದನ್ನು ಸರಿಮಾಡಿಸಿಕೊಳ್ಳಿ. 18 ತುಂಬದವರಿಗೆ ಪೋಷಕರ ಒಪ್ಪಿಗೆಯೂ ಬೇಕು.

ಕೊನೆಯಲ್ಲಿ ಒಂದು ಪ್ರಶ್ನೆ. ವಿಳಾಸ 172.16.5.200/26. ನೆಟ್‌ವರ್ಕ್ ಯಾವುದು? ಆಯ್ಕೆಗಳು 172.16.5.0, 172.16.5.128, 172.16.5.192, 172.16.5.200. ಸರಿ ಉತ್ತರದ ಜೊತೆಗೆ, ಉಳಿದ ಮೂರು ಯಾವ ಪ್ರಿಫಿಕ್ಸ್‌ಗೆ ಸರಿಯಾಗುತ್ತಿದ್ದವು ಎಂದೂ ಬರೆದು ಲ್ಯಾಬಿಗೆ ತನ್ನಿ. ಅವುಗಳಲ್ಲಿ ಒಂದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ.