ರೀಲಿನೊಳಗಿನ ಮುಖ: ಬೀದಿಯ ಚಿತ್ರಗ್ರಾಹಕನ ಹಕ್ಕು ಮತ್ತು ಹೊಣೆ

ಹಳೇ ಹುಬ್ಬಳ್ಳಿಯ ಇಂಡಿ ಪಂಪ್ ವೃತ್ತದಲ್ಲಿಯೂ ಸಿದ್ಧಾರೂಢ ಮಠದ ಹಾದಿಯಲ್ಲಿಯೂ ಸಂಜೆಯ ಓರೆಬಿಸಿಲು ಬೀಳುವ ಹೊತ್ತಿಗೆ, ರೊಟ್ಟಿಯ ಬುಟ್ಟಿಯನ್ನು ಹೊತ್ತ ತಾಯಿಯನ್ನೋ ಮಿರ್ಚಿ ಬಂಡಿಯ ಹೊಗೆಯಲ್ಲಿ ನಗುವ ವೃದ್ಧನನ್ನೋ ಅವರ ಸಹಜ ಭಂಗಿಯಲ್ಲಿಯೇ 36 ಚಿತ್ರಗಳ ರೀಲಿನಲ್ಲಿ ಹಿಡಿದಿಡಬೇಕೆಂದು ಹಳೆಯ ಫಿಲ್ಮ್ ಕ್ಯಾಮೆರಾವನ್ನು ಕೊರಳಿಗೆ ತೂಗಿಸಿಕೊಂಡು ಹೊರಟವನು, ಬೆಳಕಿನ ಲೆಕ್ಕವನ್ನು ಬಲ್ಲಷ್ಟೇ ಚೆನ್ನಾಗಿ ಕಾನೂನಿನ ಮೇರೆಯನ್ನೂ ಬಲ್ಲವನಾಗಿರತಕ್ಕದ್ದು.

ಹಕ್ಕಿನ ಆಧಾರ

ಸಾರ್ವಜನಿಕ ಬೀದಿಯಲ್ಲಿ ಚಿತ್ರ ತೆಗೆಯುವುದನ್ನೇ ಅಪರಾಧವೆನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಸಂವಿಧಾನದ 19(1)(ಎ) ವಿಧಿಯು ಕೊಡಮಾಡಿದ ಅಭಿವ್ಯಕ್ತಿ ಸ್ವಾತಂತ್ರ್ಯದ ಆಶ್ರಯವು ಛಾಯಾಚಿತ್ರಕ್ಕೂ ಉಂಟು. ಆದರೆ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಮನುಷ್ಯನು ಬೀದಿಗೆ ಬಂದ ಮಾತ್ರಕ್ಕೆ ಆ ಹಕ್ಕನ್ನು ಕಳೆದುಕೊಳ್ಳನೆಂಬ ವಿಚಾರವೂ ಆ ತೀರ್ಪಿನಲ್ಲಿದೆ.

ದಾಟಬಾರದ ಗೆರೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಂತೆ, ಮರೆಯುಂಟೆಂದು ನಂಬಿದ ಸ್ಥಳದಲ್ಲಿ ಖಾಸಗಿ ಕ್ರಿಯೆಯಲ್ಲಿರುವ ಸ್ತ್ರೀಯ ಚಿತ್ರ ತೆಗೆದವನಿಗೆ ಮೊದಲ ಅಪರಾಧಕ್ಕೇ 1ರಿಂದ 3 ವರ್ಷಗಳ ಸೆರೆವಾಸವೂ ಜುಲ್ಮಾನೆಯೂ ವಿಧಿಸಲ್ಪಡುವುವು. ಒಲ್ಲೆನೆಂದು ಸ್ಪಷ್ಟವಾಗಿ ಸೂಚಿಸಿದವಳನ್ನು ಸಂಪರ್ಕದ ಆಸೆಯಿಂದ ಮತ್ತೆ ಮತ್ತೆ ಹಿಂಬಾಲಿಸುವುದು 78ನೇ ಕಲಮಿನಡಿ ಅಪರಾಧ.

ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅವಶ್ಯ. ಬೀದಿಯಲ್ಲಿ ಭಿಕ್ಷೆ ಬೇಡುತ್ತಿರುವ ಅಥವಾ ಕಾನೂನಿಗೆ ವಿರುದ್ಧವಾಗಿ ದುಡಿಯುತ್ತಿರುವ ಮಗುವು, 2015ರ ಬಾಲನ್ಯಾಯ ಅಧಿನಿಯಮದ ದೃಷ್ಟಿಯಲ್ಲಿ ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಅಂಥ ಮಗುವಿನ ಗುರುತು ಹೊರಗೆಡಹುವ ಚಿತ್ರ ಪ್ರಕಟಣೆಯನ್ನು 74ನೇ ಕಲಮು ನಿಷೇಧಿಸುತ್ತದೆ. ತಪ್ಪಿದರೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೆ 2 ಲಕ್ಷ ರೂಪಾಯಿಯವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಮಠ, ದರ್ಗಾ, ಅಂಗಡಿಗಳ ಒಳಗೆ ಕ್ಯಾಮೆರಾ ಎತ್ತುವ ಮುನ್ನ ಅಲ್ಲಿಯವರ ಅನುಮತಿಯನ್ನು ಬೇಡುವುದು ಯುಕ್ತ.

ತಡೆದು ಕೇಳಿದಾಗ

“ಯಾಕ್ರೀ ನನ್ನ ಫೋಟೋ ತಗದ್ರಿ? ಅಳಿಸ್ರಿ ಅದನ್ನ” ಎಂದು ಒಬ್ಬ ತಾಯಿ ಗದರಿದರೆ, ಚಿತ್ರಗ್ರಾಹಕನು ಸತ್ಯವನ್ನೇ ನುಡಿಯಲಿ: “ಅಕ್ಕಾರ, ಇದು ರೀಲಿನ ಕ್ಯಾಮೆರಾರಿ, ಅಳಿಸಾಕ ಬರೂದಿಲ್ಲ. ನಿಮಗ ಬ್ಯಾಡಂದ್ರ ಈ ಫೋಟೋ ಎಲ್ಲೂ ಹಾಕೂದಿಲ್ಲ.” ಹಾಗೆಂದು ಆಕೆಯ ಎದುರಿನಲ್ಲಿಯೇ ಆ ಚಿತ್ರದ ಸಂಖ್ಯೆಯನ್ನು ಬರೆದುಕೊಳ್ಳಲಿ. ಒತ್ತಾಯಕ್ಕೆ ಮಣಿದು ಕ್ಯಾಮೆರಾದ ಹಿಂಬಾಗಿಲನ್ನು ತೆರೆದರೆ ಬೆಳಕು ಹೊಕ್ಕು, ಆ ಒಂದು ಚಿತ್ರದೊಡನೆ ಉಳಿದ ಚಿತ್ರಗಳೂ ಹಾಳಾಗುವುವು. ಕ್ಯಾಮೆರಾವನ್ನು ಕಸಿದುಕೊಳ್ಳುವ ಅಧಿಕಾರ ಯಾವ ಖಾಸಗಿ ವ್ಯಕ್ತಿಗೂ ಇಲ್ಲ.

ಅಪರಾಧದ ಸಂಶಯ ಹುಟ್ಟಿಸುವ ಸನ್ನಿವೇಶದಲ್ಲಿ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಡಿ ಕ್ಯಾಮೆರಾವನ್ನು ಜಪ್ತಿ ಮಾಡಬಹುದು. ಆದರೆ ಜಪ್ತಿಯನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡತಕ್ಕದ್ದು, 105ನೇ ಕಲಮಿನಂತೆ ಅದರ ಧ್ವನಿ-ದೃಶ್ಯ ಮುದ್ರಣವೂ ಆಗತಕ್ಕದ್ದು. ಆಗ ಕ್ಯಾಮೆರಾದ ಕ್ರಮಸಂಖ್ಯೆ, ಎಣಿಕೆಯ ಮುಳ್ಳು ತೋರುವ ಅಂಕಿ, ಒಳಗೆ ತೊಳೆಯದ ರೀಲು ಇದೆಯೆಂಬ ಸಂಗತಿ, ಇವು ಪಂಚನಾಮೆಯಲ್ಲಿ ನಮೂದಾಗಬೇಕೆಂದು ವಿನಂತಿಸಿಕೊಂಡು, ಅದರ ಪ್ರತಿಯನ್ನು ಕೇಳಿರಿ. ಬಿಡುಗಡೆಗೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು.

ಚಿತ್ರಕ್ಕೆ ಸಿಕ್ಕವರಿಗೂ ಪರಿಹಾರದ ದಾರಿಯುಂಟು. ಸಂಜ್ಞೇಯ ಅಪರಾಧವು, ಎಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧವು, ಎಲ್ಲಿ ನಡೆದಿದ್ದರೂ ಅದೇ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. ದಾಖಲಿಸಲು ನಿರಾಕರಿಸಿದರೆ ಮೇಲಧಿಕಾರಿಗೆ ಬರೆದು ತಿಳಿಸಿ, ಅಲ್ಲಿಯೂ ಫಲ ದೊರೆಯದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು. ಸ್ತ್ರೀಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಲಭ್ಯ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಕೃತಿಸ್ವಾಮ್ಯ ಮತ್ತು ಸಮ್ಮತಿ

1957ರ ಕೃತಿಸ್ವಾಮ್ಯ ಅಧಿನಿಯಮದಂತೆ, ತನ್ನ ಸಂತೋಷಕ್ಕಾಗಿ ತೆಗೆದ ಚಿತ್ರದ ಸ್ವಾಮ್ಯವು ತೆಗೆದವನದೇ. ಅವನ ಜೀವಿತಕಾಲದ ತರುವಾಯ 60 ವರ್ಷ ಅದು ಉಳಿಯುವುದು. ಆದರೆ ಚಿತ್ರದ ಒಡೆತನವು ಅದರೊಳಗಿನ ಮುಖದ ಒಡೆತನವಾಗಲಾರದು. ಜಾಹೀರಾತಿಗೆ ಬಳಸುವುದಾದರೆ ಲಿಖಿತ ಸಮ್ಮತಿಯನ್ನು ಪಡೆಯತಕ್ಕದ್ದು.

ಮೊಬೈಲಿನ ಚಿತ್ರವು ತೆಗೆದ ಕ್ಷಣದಲ್ಲಿಯೇ ಊರೆಲ್ಲ ಹರಡಬಲ್ಲುದು. ರೀಲಾದರೋ ತೊಳೆದು ಅಚ್ಚಾಗಿ ಬರಲು ದಿನಗಳನ್ನು ಕೇಳುತ್ತದೆ. ಆ ಬಿಡುವಿನಲ್ಲಿ ಅದೇ ಬೀದಿಗೆ ಮರಳಿ, ಚಿತ್ರದಲ್ಲಿರುವವರ ಕೈಗೆ ಒಂದು ಪ್ರತಿಯನ್ನು ಕೊಟ್ಟು, ಪ್ರಕಟಿಸಲೇ ಎಂದು ಕೇಳುವವನಿಗೆ ಸಮ್ಮತಿಯೂ ದೊರೆತೀತು, ಮುಂದಿನ ಸಲ ಕ್ಯಾಮೆರಾ ಎತ್ತಿದಾಗ ಆ ಬೀದಿಯ ವಿಶ್ವಾಸವೂ ದೊರೆತೀತು.