ಬರಡು ನೆಲದಲ್ಲಿ ಗುಂಡಿ ಬೇಸಾಯ: ಆಫ್ರಿಕಾ ಖಂಡದ ಯಾತೆಂಗ ಸೀಮೆಯಲ್ಲಿ ರೈತ ಸಂಘಗಳ ಕಾರ್ಯ

ವ್ಯವಸಾಯದಲ್ಲಿ ಹೊಸದೊಂದು ಕ್ರಮವನ್ನು ಕಂಡುಹಿಡಿಯುವುದು ಒಬ್ಬಿಬ್ಬರಿಂದ ಆಗಬಹುದಾದ ಕೆಲಸ. ಆ ಕ್ರಮವನ್ನು ಸಾವಿರಾರು ಮಂದಿ ಸಣ್ಣ ಹಿಡುವಳಿದಾರರ ಹೊಲಗಳಿಗೆ ಮುಟ್ಟಿಸುವುದು ಮಾತ್ರ ಅಷ್ಟು ಸುಲಭವಲ್ಲ. ಇದಕ್ಕೆ ಹಣವೂ ಯಂತ್ರಗಳೂ ಇದ್ದರೆ ಸಾಕೆಂದು ತಿಳಿಯುವವರುಂಟು. ಆದರೆ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಯಾತೆಂಗ ಸೀಮೆಯಲ್ಲಿ ನಡೆದ ಸಂಗತಿಗಳನ್ನು ವಿಚಾರಮಾಡಿದರೆ, ಹಣ ಮತ್ತು ಯಂತ್ರಗಳಿಂದ ಸಾಧ್ಯವಾಗದ ಕಾರ್ಯವು ಗ್ರಾಮಸಂಘಗಳಿಂದಲೂ ಸೇವಾಸಂಸ್ಥೆಗಳಿಂದಲೂ ರೈತರ ಪರಸ್ಪರ ಬೋಧನೆಯಿಂದಲೂ ನೆರವೇರಿತೆಂಬುದು ವ್ಯಕ್ತವಾಗುತ್ತದೆ. ಆ ಸೀಮೆಯ ಮುಖ್ಯ ಬೆಳೆಗಳು ಜೋಳ ಮತ್ತು ಸಜ್ಜೆ. ಈ ಎರಡು ಧಾನ್ಯಗಳೂ ಬಹು ಪುರಾತನ ಕಾಲದಲ್ಲಿ ಆಫ್ರಿಕಾ ಖಂಡದಿಂದಲೇ ನಮ್ಮ ದೇಶಕ್ಕೆ ಬಂದವು. ಆದುದರಿಂದ ಈ ವೃತ್ತಾಂತವು ನಮ್ಮ ಒಣಸೀಮೆಯ ರೈತರಿಗೂ ತಿಳಿಯತಕ್ಕದ್ದಾಗಿದೆ.

ಸೀಮೆಯ ಸ್ಥಿತಿ

ಯಾತೆಂಗವು ಬುರ್ಕಿನಾ ಫಾಸೊ ದೇಶದ ವಾಯವ್ಯ ಭಾಗದಲ್ಲಿದೆ. ಈ ದೇಶಕ್ಕೆ ೧೯೮೪ಕ್ಕೆ ಮೊದಲು ಮೇಲಣ ವೋಲ್ಟಾ ಎಂದು ಹೆಸರಿತ್ತು. ಸೀಮೆಯ ಮುಖ್ಯ ಪಟ್ಟಣ ವಾಹಿಗೂಯ. ನಿವಾಸಿಗಳಲ್ಲಿ ಬಹುಭಾಗ ಮೊಸ್ಸಿ ಜನಾಂಗದವರು. ಮಳೆಯು ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಾತ್ರ ಬೀಳುತ್ತದೆ; ವರ್ಷದ ಉಳಿದ ಎಂಟು ತಿಂಗಳು ಒಣಕಾಲವೇ. ಬೀಳುವ ಮಳೆಯೂ ಕೆಲವೇ ದಿವಸಗಳಲ್ಲಿ ರಭಸದಿಂದ ಸುರಿದು ಹರಿದುಹೋಗುತ್ತದೆ.

೧೯೬೮ರಿಂದ ಮೊದಲುಗೊಂಡು ೧೯೭೩–೭೪ರವರೆಗೆ ಈ ಪ್ರಾಂತಕ್ಕೆ ಭಯಂಕರವಾದ ಕ್ಷಾಮವು ಪ್ರಾಪ್ತವಾಯಿತು. ೧೯೮೦ರ ದಶಕದ ಆದಿಯಲ್ಲಿ ಮತ್ತೆ ಮಳೆ ತಪ್ಪಿತು. ಜನಸಂಖ್ಯೆ ಹೆಚ್ಚಿದುದರಿಂದ ಹೊಲಗಳನ್ನು ಬೀಳು ಬಿಡುವ ಪದ್ಧತಿ ಮೊದಲೇ ನಿಂತಿತ್ತು, ಮರಗಿಡಗಳು ಕಡಿಯಲ್ಪಟ್ಟಿದ್ದವು. ಹೊದಿಕೆಯಿಲ್ಲದ ನೆಲದ ಮೇಲೆ ಮಳೆಯ ಹನಿಗಳು ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟಿ ಕಲ್ಲಿನಂತಾಯಿತು. ಇಂತಹ ನೆಲವನ್ನು ಅಲ್ಲಿಯವರು ಜಿಪ್ಪೆಲ್ಲೆ ಎನ್ನುತ್ತಾರೆ. ಇದರಲ್ಲಿ ನೀರು ಇಂಗುವುದಿಲ್ಲ. ಹುಲ್ಲು ಕೂಡ ಮೊಳೆಯುವುದಿಲ್ಲ. ಕಣಜ ಬರಿದಾದ ಕುಟುಂಬಗಳು ಊರು ಬಿಟ್ಟು ದಕ್ಷಿಣದ ಸೀಮೆಗಳಿಗೂ ನೆರೆಯ ದೇಶಗಳಿಗೂ ಹೊರಟುಹೋದವು. ಉಳಿದವರ ಮುಂದೆ ಇದ್ದುದು ಒಂದೇ ಪ್ರಶ್ನೆ: ಈ ಬರಡು ನೆಲದಲ್ಲಿ ಮತ್ತೆ ತೆನೆಯನ್ನು ಕಾಣಬಹುದೆ, ಇಲ್ಲವೆ?

ಯಂತ್ರಗಳಿಂದ ಹಾಕಿದ ಒಡ್ಡುಗಳು

ಭೂಸವೆತವನ್ನು ತಡೆಯಬೇಕೆಂಬ ಯೋಚನೆ ಆ ಸೀಮೆಗೆ ಹೊಸದಾಗಿರಲಿಲ್ಲ. ೧೯೬೨ರಿಂದ ೧೯೬೫ರವರೆಗೆ ಅಲ್ಲಿ ಒಂದು ದೊಡ್ಡ ಯೋಜನೆ ನಡೆದಿತ್ತು. ಭಾರಿ ಯಂತ್ರಗಳನ್ನು ತರಿಸಿ, ಸುಮಾರು ಮೂರು ಲಕ್ಷ ಎಕರೆ ಭೂಮಿಗೆ ಕೆಲವೇ ಒಣಕಾಲಗಳಲ್ಲಿ ಮಣ್ಣಿನ ಒಡ್ಡುಗಳನ್ನು ಹಾಕಲಾಯಿತು. ಕೆಲಸದ ವೇಗವು ಆಶ್ಚರ್ಯಕರವಾಗಿತ್ತು. ಆದರೆ ಹೊಲದ ಒಡೆಯರನ್ನು ಈ ಕಾರ್ಯದಲ್ಲಿ ಸೇರಿಸಿಕೊಂಡಿರಲಿಲ್ಲ. ಅಲ್ಲದೆ, ಹರಿಯುವ ನೀರನ್ನು ಹೊಲದಿಂದ ಆಚೆಗೆ ಸಾಗಿಸುವುದು ಆ ಒಡ್ಡುಗಳ ಉದ್ದೇಶವಾಗಿತ್ತು; ರೈತರಿಗಾದರೋ ನೀರು ಹೊಲದಲ್ಲಿಯೇ ನಿಲ್ಲಬೇಕಾಗಿತ್ತು. ಹೀಗಾಗಿ ಒಡ್ಡುಗಳನ್ನು ದುರಸ್ತಿ ಮಾಡುವವರು ಯಾರೂ ಇಲ್ಲದೆ ಅವು ಕೆಲವು ವರ್ಷಗಳಲ್ಲಿ ಒಡೆದುಹೋದವು.

ಕಲ್ಲಿನ ಸಾಲುಗಳು

೧೯೭೯ರಲ್ಲಿ ಆಕ್ಸ್‌ಫ್ಯಾಮ್ ಎಂಬ ಇಂಗ್ಲೆಂಡಿನ ಸೇವಾಸಂಸ್ಥೆಯವರು ಯಾತೆಂಗದಲ್ಲಿ ಕೃಷಿ-ಅರಣ್ಯ ಕಾರ್ಯವನ್ನು ಆರಂಭಿಸಿದರು. ಮಳೆನೀರನ್ನು ಹಿಡಿಯುವ ಚಿಕ್ಕ ಚಿಕ್ಕ ಪಾತಿಗಳನ್ನು ಕಟ್ಟಿ ಮರಗಳನ್ನು ಬೆಳೆಯಿಸಬೇಕೆಂಬುದು ಅವರ ಮೊದಲ ಉದ್ದೇಶ. ಆದರೆ ರೈತರು ಆ ಪಾತಿಗಳಲ್ಲಿ ಧಾನ್ಯವನ್ನು ಬಿತ್ತತೊಡಗಿದರು. ಹಸಿವಿನ ಕಾಲದಲ್ಲಿ ಮರಕ್ಕಿಂತ ಅನ್ನವೇ ಮೊದಲೆಂಬುದು ಇದರಿಂದ ಸ್ಪಷ್ಟವಾಯಿತು. ಸಂಸ್ಥೆಯವರು ಇದನ್ನು ಅವಿಧೇಯತೆಯೆಂದು ಎಣಿಸದೆ, ತಮ್ಮ ಕ್ರಮವನ್ನೇ ಬದಲಾಯಿಸಿಕೊಂಡರು. ಇಳಿಜಾರಿಗೆ ಅಡ್ಡಲಾಗಿ ಕಲ್ಲುಗಳನ್ನು ಜೋಡಿಸುವ ಹಳೆಯ ರೂಢಿಯೊಂದು ಆ ರೈತರಲ್ಲಿ ಇತ್ತು. ಅದನ್ನೇ ಎತ್ತಿಕೊಂಡು ಸುಧಾರಿಸಲು ನಿಶ್ಚಯಿಸಿದರು.

ಹಳೆಯ ಕಲ್ಲುಸಾಲಿನ ದೋಷವೆಂದರೆ ಅದು ಸಮಮಟ್ಟದಲ್ಲಿ ಇರುತ್ತಿರಲಿಲ್ಲ. ನೀರು ತಗ್ಗಿನ ಕಡೆಗೆ ಕೂಡಿ ನುಗ್ಗುತ್ತಿತ್ತು. ಇಳಿಜಾರು ಅಲ್ಪವಾಗಿರುವ ನೆಲದಲ್ಲಿ ಮಟ್ಟವನ್ನು ಕಣ್ಣಳತೆಯಿಂದ ಗುರುತಿಸುವುದು ಕಷ್ಟ. ಇದಕ್ಕೆ ಗಾರೆಕೆಲಸದವರು ಬಳಸುವ ನೀರುಕೊಳವೆಯೇ ಪರಿಹಾರವಾಯಿತು. ಮೂವತ್ತರಿಂದ ಅರವತ್ತು ಅಡಿ ಉದ್ದದ ಪಾರದರ್ಶಕ ಕೊಳವೆಗೆ ನೀರನ್ನು ತುಂಬಿ, ಅದರ ಎರಡು ತುದಿಗಳನ್ನು ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟುತ್ತಾರೆ. ಎರಡು ಕೋಲುಗಳಲ್ಲಿಯೂ ನೀರು ಒಂದೇ ಗುರುತಿಗೆ ನಿಂತಾಗ ಆ ಎರಡು ಸ್ಥಳಗಳು ಸಮಮಟ್ಟದಲ್ಲಿವೆಯೆಂದು ತಿಳಿಯುತ್ತದೆ. ಇದರ ಬೆಲೆ ಅತ್ಯಲ್ಪ. ಓದು ಬರಹ ಅರಿಯದವರೂ ಒಂದೆರಡು ದಿವಸಗಳಲ್ಲಿ ಇದನ್ನು ಕಲಿಯಬಲ್ಲರು.

ಸಮಮಟ್ಟದ ಗೆರೆಯಲ್ಲಿ ಸ್ವಲ್ಪ ಮಣ್ಣು ತೆಗೆದು, ದೊಡ್ಡ ಕಲ್ಲುಗಳನ್ನು ತಳಕ್ಕಿಟ್ಟು, ಸಂದುಗಳಿಗೆ ಸಣ್ಣ ಕಲ್ಲುಗಳನ್ನು ತುಂಬಿ, ಹತ್ತು ಹನ್ನೆರಡು ಅಂಗುಲ ಎತ್ತರದ ಸಾಲನ್ನು ಹಾಕುತ್ತಾರೆ. ಇದು ಅಣೆಕಟ್ಟಲ್ಲ. ನೀರು ಕಲ್ಲುಗಳ ನಡುವೆ ನಿಧಾನವಾಗಿ ಸೋರಿ ಹೋಗುತ್ತದೆ; ಅದರ ರಭಸ ಮುರಿದುದರಿಂದ ಮಣ್ಣು, ತರಗೆಲೆ, ಸಗಣಿ, ಹುಲ್ಲಿನ ಬೀಜ ಇವೆಲ್ಲವೂ ಸಾಲಿನ ಮೇಲ್ಭಾಗದಲ್ಲಿ ತಂಗುತ್ತವೆ. ಸಾಲು ಹಾಕಿದ ವರ್ಷದಲ್ಲಿಯೇ ಪ್ರಯೋಜನ ಕಾಣುವುದರಿಂದ ರೈತರಿಗೆ ನಂಬಿಕೆ ಹುಟ್ಟಿತು. ೧೯೮೯ರ ಅಂತ್ಯದ ವೇಳೆಗೆ ೪೦೦ಕ್ಕೂ ಹೆಚ್ಚು ಗ್ರಾಮಗಳಲ್ಲಿ ಸುಮಾರು ೨೦,೦೦೦ ಎಕರೆ ಭೂಮಿಗೆ ಇಂತಹ ಸಾಲುಗಳಾಗಿದ್ದವು.

ಗುಂಡಿ ತೋಡುವ ಕ್ರಮ

ಇದೇ ಕಾಲದಲ್ಲಿ ವಾಹಿಗೂಯದ ಬಳಿಯ ಗೂರ್ಗ ಗ್ರಾಮದ ಯಾಕೂಬ ಸವದೋಗೊ ಎಂಬ ರೈತನು ಮತ್ತೊಂದು ಹಳೆಯ ರೂಢಿಯನ್ನು ತಿದ್ದುವುದರಲ್ಲಿ ತೊಡಗಿದ್ದನು. ಗಟ್ಟಿನೆಲದಲ್ಲಿ ಚಿಕ್ಕ ಗುಂಡಿಗಳನ್ನು ತೋಡಿ ಬಿತ್ತುವ ಕ್ರಮಕ್ಕೆ ಅಲ್ಲಿ ಜಾಯ್ ಎಂದು ಹೆಸರು. ಬೆಳಗಿನ ಜಾವಕ್ಕೇ ಎದ್ದು ಹೊಲವನ್ನು ಹದಮಾಡಲು ಹೊರಡುವುದೆಂಬ ಅರ್ಥದ ಮಾತಿನಿಂದ ಈ ಹೆಸರು ಬಂದಿದೆ. ಸವದೋಗೊ ೧೯೮೦ರ ಸುಮಾರಿನಲ್ಲಿ ಗುಂಡಿಗಳ ಗಾತ್ರವನ್ನು ಹೆಚ್ಚಿಸಿ, ಅವುಗಳಿಗೆ ಒಣಕಾಲದಲ್ಲಿಯೇ ಗೊಬ್ಬರವನ್ನು ಹಾಕಿದನು. ಒಣಕಾಲದಲ್ಲಿ ಹೊಲ ಅಗೆಯುವವನನ್ನು ಕಂಡು ನೆರೆಯವರು ಹುಚ್ಚನೆಂದರು. ಬೆಳೆ ಬಂದ ಮೇಲೆ ಅವರೇ ಕಲಿಯಲು ಬಂದರು. ಆ ಕ್ರಮವು ಈ ಕೆಳಗೆ ಕಂಡಂತೆ ಇರುತ್ತದೆ.

೧. ಸುಗ್ಗಿಯಾದ ಮೇಲೆ, ನವೆಂಬರಿನಿಂದ ಮೇ ತಿಂಗಳವರೆಗೆ, ಗುಂಡಿಗಳನ್ನು ತೋಡಬೇಕು.

೨. ಗುಂಡಿಯ ಅಗಲ ಎಂಟರಿಂದ ಹನ್ನೆರಡು ಅಂಗುಲ. ಆಳ ನಾಲ್ಕರಿಂದ ಎಂಟು ಅಂಗುಲ. ಗುಂಡಿಯಿಂದ ಗುಂಡಿಗೆ ಎರಡರಿಂದ ಮೂರು ಅಡಿ ಅಂತರವಿರಬೇಕು. ಹೀಗೆ ಎಕರೆಗೆ ನಾಲ್ಕು ಸಾವಿರದಿಂದ ಹತ್ತು ಸಾವಿರದವರೆಗೆ ಗುಂಡಿಗಳಾಗುತ್ತವೆ.

೩. ತೆಗೆದ ಮಣ್ಣನ್ನು ಇಳಿಜಾರಿನ ಕೆಳಮಗ್ಗುಲಿಗೆ ಅರ್ಧಚಂದ್ರಾಕಾರವಾಗಿ ಹಾಕಬೇಕು. ಮೇಲಿನಿಂದ ಹರಿದುಬರುವ ನೀರು ಇದರಿಂದ ಗುಂಡಿಯಲ್ಲಿ ನಿಲ್ಲುತ್ತದೆ.

೪. ಪ್ರತಿಯೊಂದು ಗುಂಡಿಗೂ ಒಂದೆರಡು ಬೊಗಸೆ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಹಾಕಿ, ತೆಳುವಾಗಿ ಮಣ್ಣು ಮುಚ್ಚಬೇಕು.

೫. ಮೊದಲ ಹದಮಳೆ ಬಿದ್ದ ಕೂಡಲೆ ಗುಂಡಿಯಲ್ಲಿಯೇ ಜೋಳ ಅಥವಾ ಸಜ್ಜೆಯನ್ನು ಬಿತ್ತಬೇಕು.

ಇದರ ಗುಟ್ಟು ಗೆದ್ದಲಿನಲ್ಲಿದೆ. ಗೊಬ್ಬರದ ವಾಸನೆಗೆ ಬಂದ ಗೆದ್ದಲು ಗುಂಡಿಯ ತಳದಲ್ಲಿ ಸಣ್ಣ ಸಣ್ಣ ದಾರಿಗಳನ್ನು ಕೊರೆಯುತ್ತದೆ. ಮಳೆ ಬಂದಾಗ ನೀರು ಈ ದಾರಿಗಳ ಮೂಲಕ ಹೆಪ್ಪನ್ನು ದಾಟಿ ಆಳಕ್ಕೆ ಇಂಗುತ್ತದೆ. ರೈತರು ಸಾಮಾನ್ಯವಾಗಿ ಶತ್ರುವೆಂದು ಬಗೆಯುವ ಹುಳುವೇ ಇಲ್ಲಿ ಕೂಲಿಯಿಲ್ಲದ ಆಳಾಗಿದೆ. ನೀರೂ ಗೊಬ್ಬರವೂ ಬೇರಿನ ಬುಡದಲ್ಲಿಯೇ ಕೂಡಿರುವುದರಿಂದ, ನಡುವೆ ಎರಡು ವಾರ ಮಳೆ ತಡೆದರೂ ಪೈರು ತಾಳಿಕೊಳ್ಳುತ್ತದೆ. ಗೊಬ್ಬರದೊಡನೆ ಬಂದ ಮರದ ಬೀಜಗಳು ಗುಂಡಿಗಳಲ್ಲಿ ಮೊಳೆಯುತ್ತವೆ. ಅವನ್ನು ಕೀಳದೆ ಉಳಿಸಿಕೊಂಡರೆ ಹೊಲದಲ್ಲಿ ಮರಗಳೂ ಆಗುತ್ತವೆ. ಎರಡನೆಯ ವರ್ಷ ಅದೇ ಗುಂಡಿಗಳನ್ನು ಸರಿಮಾಡಿ ಬಿತ್ತಬಹುದು. ಇಲ್ಲವೆ ಗುಂಡಿಗಳ ನಡುವಣ ಗಟ್ಟಿನೆಲದಲ್ಲಿ ಹೊಸವನ್ನು ತೋಡಬಹುದು. ಹೀಗೆ ಕೆಲವು ವರ್ಷಗಳಲ್ಲಿ ಹೊಲವೆಲ್ಲವೂ ಹದಕ್ಕೆ ಬರುತ್ತದೆ.

ಪ್ರಚಾರವಾದ ಬಗೆ

ಈ ಎರಡು ಕ್ರಮಗಳು ಹರಡಿದುದು ಸಂಘಶಕ್ತಿಯಿಂದ. ಮೊಸ್ಸಿ ಜನರಲ್ಲಿ ಊರಿನ ಯುವಕ ಯುವತಿಯರು ಕೂಡಿ ಹೊಲಗೆಲಸ ಮಾಡಿಕೊಡುವ ನಾಮ್ ಎಂಬ ಹಳೆಯ ಕಟ್ಟಳೆ ಇತ್ತು. ನಮ್ಮ ಕಡೆಯ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಬೆರ್ನಾರ್ ಲೆದೆಯ ವದ್ರಾಗೊ ಎಂಬ ಉಪಾಧ್ಯಾಯರು ೧೯೬೭ರಿಂದ ಈ ಕಟ್ಟಳೆಯ ಆಧಾರದ ಮೇಲೆ ಗ್ರಾಮಸಂಘಗಳನ್ನು ಸ್ಥಾಪಿಸಿದರು. ಒಣಕಾಲದ ಬಿಡುವಿನಲ್ಲಿ ಈ ಸಂಘಗಳಿಗೆ ಕೆಲಸವನ್ನೂ ಸಹಾಯಧನವನ್ನೂ ಒದಗಿಸಲು ಸಿಕ್ಸ್-ಎಸ್ ಎಂಬ ಒಕ್ಕೂಟವೂ ೧೯೭೦ರ ದಶಕದಲ್ಲಿ ಏರ್ಪಟ್ಟಿತು. ಕಲ್ಲು ಹೊರುವುದು, ಕೆರೆ ಬಾವಿ ತೋಡುವುದು ಮುಂತಾದ ಕೆಲಸಗಳಲ್ಲಿ ಗಂಡಸರಂತೆ ಹೆಂಗಸರೂ ದುಡಿದರು.

ಸವದೋಗೊ ೧೯೮೪ರಿಂದ ತನ್ನ ಹೊಲದಲ್ಲಿ ವರ್ಷಕ್ಕೆ ಎರಡಾವೃತ್ತಿ ರೈತರ ಸಂತೆಯನ್ನು ನಡೆಸುತ್ತಿದ್ದನು. ನೂರಕ್ಕೂ ಹೆಚ್ಚು ಗ್ರಾಮಗಳವರು ತಮ್ಮ ತಮ್ಮ ಬೀಜಗಳನ್ನು ತಂದು, ವಿನಿಮಯ ಮಾಡಿಕೊಂಡು, ಗುಂಡಿಯ ಬೆಳೆಯನ್ನು ಕಣ್ಣಾರೆ ನೋಡಿ ಹೋಗುತ್ತಿದ್ದರು. ಸೊಮ್ಯಾಂಗ ಗ್ರಾಮದ ರೈತನೊಬ್ಬನು ೧೯೯೨ರಲ್ಲಿ ರಸ್ತೆಯ ಮಗ್ಗುಲಿನ ಕಲ್ಲುನೆಲವನ್ನು ಆರಿಸಿಕೊಂಡು, ಅದರಲ್ಲಿ ಹತ್ತಾರು ಮಂದಿಗೆ ಗುಂಡಿ ತೋಡುವುದನ್ನು ಕಲಿಸಿದನು. ಹೋಗಿಬರುವವರೆಲ್ಲರ ಕಣ್ಣಿಗೆ ಬೀಳುವ ಸ್ಥಳವಾದುದರಿಂದ ಇಂತಹ ಜಾಯ್ ಪಾಠಶಾಲೆಗಳು ಬೇರೆ ಗ್ರಾಮಗಳಲ್ಲಿಯೂ ಹುಟ್ಟಿಕೊಂಡವು.

ಕ್ರಮವು ದೇಶದ ಎಲ್ಲೆಯನ್ನೂ ದಾಟಿತು. ೧೯೮೯ರಲ್ಲಿ ನೆರೆಯ ನೈಜರ್ ದೇಶದ ಇಲ್ಲೇಲ ಜಿಲ್ಲೆಯಿಂದ ಹದಿಮೂರು ಮಂದಿ ರೈತರನ್ನು ಯಾತೆಂಗಕ್ಕೆ ಕರೆದುತಂದು ಹೊಲಗಳನ್ನು ತೋರಿಸಲಾಯಿತು. ಅವರು ಊರಿಗೆ ಹಿಂದಿರುಗಿ ಹತ್ತು ಎಕರೆಯಷ್ಟರಲ್ಲಿ ಪ್ರಯತ್ನಿಸಿದರು. ಮರುವರ್ಷ ಅದು ಸುಮಾರು ೧೭೫ ಎಕರೆಗೆ ಏರಿತು. ೧೯೯೦ರಲ್ಲಿ ಮಳೆ ಕೈಕೊಟ್ಟಾಗ ಗುಂಡಿ ತೋಡಿದ ಹೊಲಗಳಲ್ಲಿ ಮಾತ್ರವೇ ಹೇಳಿಕೊಳ್ಳುವಷ್ಟು ಫಸಲು ದೊರೆಯಿತು. ಆ ಬಳಿಕ ಉಪದೇಶ ಮಾಡುವ ಅಗತ್ಯವೇ ಉಳಿಯಲಿಲ್ಲ. ಹಿಂದೆ ಯಾರೂ ಕೇಳದಿದ್ದ ಬರಡು ನೆಲಕ್ಕೂ ಕೊಳ್ಳುವವರು ಬಂದರು.

ದೊರೆತ ಫಲ

ಏನೂ ಬೆಳೆಯದಿದ್ದ ನೆಲದಲ್ಲಿ ಗುಂಡಿಯನ್ನು ತೋಡಿ ಗೊಬ್ಬರ ಹಾಕಿದರೆ, ಮಳೆ ಕಡಿಮೆಯಾದ ವರ್ಷದಲ್ಲಿ ಎಕರೆಗೆ ೧೨೦ರಿಂದ ೧೬೦ ಕಿಲೋಗ್ರಾಂ ಧಾನ್ಯವೂ, ಒಳ್ಳೆಯ ಮಳೆಯಾದಾಗ ೬೦೦ ಕಿಲೋಗ್ರಾಂವರೆಗೂ ಬರಬಹುದೆಂದು ತಜ್ಞರು ಲೆಕ್ಕಹಾಕಿದ್ದಾರೆ. ಮೂವತ್ತು ವರ್ಷಗಳಲ್ಲಿ ಆ ದೇಶದ ಮಧ್ಯ ಪ್ರಸ್ಥಭೂಮಿಯಲ್ಲಿ ಐದರಿಂದ ಏಳೂವರೆ ಲಕ್ಷ ಎಕರೆ ಭೂಮಿ ಮತ್ತೆ ಸಾಗುವಳಿಗೆ ಬಂತೆಂದೂ, ಇದರಿಂದ ಸುಮಾರು ಐದು ಲಕ್ಷ ಜನರಿಗೆ ಆಹಾರ ದೊರೆಯುವಂತಾಯಿತೆಂದೂ ೨೦೦೯ರಲ್ಲಿ ಅಂದಾಜು ಮಾಡಲಾಯಿತು. ಲೆದೆಯ ವದ್ರಾಗೊ ಅವರಿಗೆ ೧೯೯೦ರಲ್ಲಿಯೂ ಸವದೋಗೊಗೆ ೨೦೧೮ರಲ್ಲಿಯೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ಸವದೋಗೊ ೨೦೨೩ರ ಡಿಸೆಂಬರಿನಲ್ಲಿ ಕಾಲವಾದನು.

ತೊಡಕುಗಳು

ಈ ಕ್ರಮದ ಗುಣಗಳನ್ನು ಮಾತ್ರ ಹೇಳಿ ದೋಷಗಳನ್ನು ಮರೆಮಾಡುವುದು ನ್ಯಾಯವಲ್ಲ. ಮೊದಲನೆಯದಾಗಿ, ಶ್ರಮವು ಬಹಳ. ಒಬ್ಬ ಆಳು ಒಂದು ಎಕರೆಗೆ ಗುಂಡಿ ತೋಡಲು ಮೂರು ನಾಲ್ಕು ವಾರಗಳು ಹಿಡಿಯುತ್ತವೆ. ದುಡಿಯುವ ಕೈಗಳಿಲ್ಲದ ವಿಧವೆಯರೂ ವೃದ್ಧರೂ ಸಂಘದ ಸಹಾಯವಿಲ್ಲದೆ ಇದನ್ನು ಮಾಡಲಾರರು. ಎರಡನೆಯದಾಗಿ, ಗೊಬ್ಬರವಿಲ್ಲದ ಗುಂಡಿಯಿಂದ ಹೆಚ್ಚಿನ ಫಲವಿಲ್ಲ. ದನಕರುಗಳಿಲ್ಲದ ಬಡವನಿಗೆ ಗೊಬ್ಬರ ದೊರೆಯುವುದು ಕಷ್ಟ. ಮೂರನೆಯದಾಗಿ, ವರ್ಷಕ್ಕೆ ಹನ್ನೆರಡರಿಂದ ಮೂವತ್ತೆರಡು ಅಂಗುಲ ಮಳೆ ಬೀಳುವ ಗಟ್ಟಿನೆಲಕ್ಕೆ ಮಾತ್ರ ಇದು ಒಗ್ಗುತ್ತದೆ. ಮರಳುನೆಲದಲ್ಲಿ ಗುಂಡಿ ನಿಲ್ಲದು. ನೀರು ನಿಲ್ಲುವ ಎರೆಯಲ್ಲಿ ಬೇರು ಕೊಳೆಯುವುದು.

ನಾಲ್ಕನೆಯದು ಹಕ್ಕಿನ ವಿಷಯ. ಸವದೋಗೊ ಬೆಳೆಯಿಸಿದ ಅರವತ್ತಕ್ಕೂ ಹೆಚ್ಚು ಜಾತಿಯ ಮರಗಳ ತೋಪಿನ ಒಂದು ಭಾಗವು, ವಾಹಿಗೂಯ ಪಟ್ಟಣವು ವಿಸ್ತರಿಸಿದಾಗ ಮನೆಗಳ ನಿವೇಶನಕ್ಕೆ ಹೋಯಿತು. ನೆಲವನ್ನು ಸುಧಾರಿಸಿದವನಿಗೆ ಅದರ ಮೇಲೆ ಭದ್ರವಾದ ಹಕ್ಕಿಲ್ಲದಿದ್ದರೆ ಸುಧಾರಣೆಯೇ ಅವನಿಗೆ ಎರವಾಗಬಹುದು. ಅಲ್ಲದೆ ೨೦೧೫ರಿಂದ ಈಚೆಗೆ ದೇಶದ ಉತ್ತರ ಭಾಗಗಳಲ್ಲಿ ಸಶಸ್ತ್ರ ಕಲಹಗಳು ಹೆಚ್ಚಿ, ಅನೇಕ ರೈತರು ಹೊಲಗಳನ್ನು ಬಿಟ್ಟು ಹೋಗಬೇಕಾಯಿತು. ಶಾಂತಿಯಿಲ್ಲದ ಕಡೆ ಯಾವ ಬೇಸಾಯವೂ ಸಾಗದು.

ಗಮನಿಸತಕ್ಕ ಅಂಶಗಳು

ಈ ವೃತ್ತಾಂತದಿಂದ ಗ್ರಾಮಸಂಘಗಳನ್ನು ನಡೆಸುವವರು ಮುಖ್ಯವಾಗಿ ನಾಲ್ಕು ಅಂಶಗಳನ್ನು ಗ್ರಹಿಸಬಹುದು. ರೈತರಲ್ಲಿ ಮೊದಲೇ ಇರುವ ರೂಢಿಯನ್ನು ಹುಡುಕಿ, ಅದರ ದೋಷವನ್ನು ಮಾತ್ರ ತಿದ್ದಬೇಕು. ಉಪಕರಣವು ಅಗ್ಗವಾಗಿಯೂ ಊರಿನಲ್ಲಿಯೇ ದುರಸ್ತಿಯಾಗುವಂತೆಯೂ ಇರಬೇಕು. ಒಬ್ಬ ರೈತನು ಮತ್ತೊಬ್ಬ ರೈತನ ಹೊಲದಲ್ಲಿ ನಿಂತು ಕಲಿಯುವಂತೆ ಏರ್ಪಾಡು ಮಾಡಬೇಕು. ಪ್ರಯತ್ನವನ್ನು ಅಲ್ಪವಾದ ನೆಲದಲ್ಲಿ ಆರಂಭಿಸಿ, ಫಲವನ್ನು ಕಂಡು ವಿಸ್ತರಿಸಬೇಕು.

ನಮ್ಮ ಒಣಸೀಮೆಯಲ್ಲಿ ಹೆಪ್ಪುಗಟ್ಟಿದ ಕೆಂಪುನೆಲ ಉಳ್ಳವರು ಈ ಕ್ರಮವನ್ನು ಪರೀಕ್ಷಿಸಬೇಕೆಂದಿದ್ದರೆ, ಬೇಸಗೆಯಲ್ಲಿ ನಾಲ್ಕೈದು ಗುಂಟೆಗೆ ಮಾತ್ರ ಗುಂಡಿ ತೋಡಿ, ಮಗ್ಗುಲಲ್ಲಿ ಅಷ್ಟೇ ನೆಲವನ್ನು ಎಂದಿನಂತೆ ಉತ್ತು ಬಿತ್ತಿ, ಎರಡರ ಫಸಲನ್ನೂ ಬೇರೆ ಬೇರೆಯಾಗಿ ತೂಗಿ ನೋಡುವುದು ಯುಕ್ತ. ತಗುಲಿದ ಆಳುಗಳ ಲೆಕ್ಕವನ್ನೂ ಹಾಕಿದ ಗೊಬ್ಬರದ ಲೆಕ್ಕವನ್ನೂ ಇದರೊಡನೆ ಬರೆದಿಟ್ಟುಕೊಳ್ಳಬೇಕು. ಲಾಭ ಕಂಡುಬಂದಲ್ಲಿ ಮುಂದಿನ ವರ್ಷ ನೆರೆಯವರೊಡನೆ ಮುಯ್ಯಾಳು ಕೂಡಿಸಿ ಹೆಚ್ಚು ನೆಲಕ್ಕೆ ಕೈಹಾಕಬಹುದು.